ಒಂದೇ ವಿಷಯಕ್ಕಾಗಿ ಮತ್ತೆ ಮತ್ತೆ ಪ್ರಾರ್ಥಿಸುವುದು ಅವಿಶ್ವಾಸವೇ?

ಪ್ರಶ್ನೆ (ಸಕಲೇಶಪುರದಿಂದ)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನನ್ನ ಅಣ್ಣ ಕುಡಿತದ ದಾಸನಾಗಿ ಹಲವು ವರ್ಷಗಳಾದವು. ಅಮ್ಮ ದಿನವೂ ನಸುಕಿನಲ್ಲಿ, ಒಲೆ ಹಚ್ಚುವ ಮೊದಲೇ ಮೊಣಕಾಲೂರಿ ಅವನ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಕಾಫಿ ಕೊಯ್ಲಿನ ದಿನಗಳಲ್ಲಿ ಮೈ ಸೋತಿದ್ದರೂ ಅದನ್ನು ತಪ್ಪಿಸಿದವರಲ್ಲ. ಇತ್ತೀಚೆಗೆ ನಮ್ಮ ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಬೋಧಕರೊಬ್ಬರು, ಒಂದು ಸಲ ಬೇಡಿದ ಮೇಲೆ ಸ್ತೋತ್ರವನ್ನಷ್ಟೇ ಸಲ್ಲಿಸಬೇಕು, ಮತ್ತೆ ಬೇಡಿದರೆ ಅದು ಅವಿಶ್ವಾಸ ಎಂದು ಬೋಧಿಸಿದರು. ಅಂದಿನಿಂದ ಅಮ್ಮ ಅಣ್ಣನ ಹೆಸರೆತ್ತಲು ಅಂಜುತ್ತಿದ್ದಾರೆ. ಹೇಳಿದ್ದನ್ನೇ ಹೇಳಬೇಡಿರಿ ಎಂದು ಬೈಬಲಿನ ಮತ್ತಾಯ 6ರಲ್ಲಿಯೂ ಇದೆಯಲ್ಲವೇ? ತಿಳಿದವರು ದಯವಿಟ್ಟು ತಿಳಿಸಿಕೊಡಿ.

ಉತ್ತರ (ಹಾಸನದಿಂದ)

ಸಹೋದರಿ, ನಿಮ್ಮ ತಾಯಿಯವರು ಅಂಜಬೇಕಾಗಿಲ್ಲ. ಮತ್ತಾಯ 6ರಲ್ಲಿ ಯೇಸು ಬೇಡವೆಂದದ್ದು, ಮಾತು ಹೆಚ್ಚಿದಷ್ಟೂ ದೇವರು ಕೇಳುತ್ತಾನೆ ಎಂಬ ಎಣಿಕೆಯನ್ನು. ಮನಸ್ಸಿಟ್ಟು ಮರಳಿ ಬೇಡುವುದನ್ನಲ್ಲ. ಅದೇ ಅಧ್ಯಾಯದಲ್ಲಿ ಆತನು ಕಲಿಸಿದ ಪ್ರಾರ್ಥನೆ ಅನುದಿನದ ಆಹಾರವನ್ನು ಬೇಡುತ್ತದೆ, ಅಂದರೆ ನಾಳೆ ಅದನ್ನೇ ಮತ್ತೆ ಬೇಡಬೇಕು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಆತನೇ ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದನೆಂದು ಮತ್ತಾಯ 26:44 ಹೇಳುತ್ತದೆ.

ಲೂಕ 18ರಲ್ಲಿ ಯೇಸು ಹೇಳಿದ ಸಾಮ್ಯದಲ್ಲಿ ನ್ಯಾಯ ಬೇಡಿ ಹೋಗುವ ವಿಧವೆಯನ್ನು ನೋಡಿ. ಅವಳ ಪರವಾಗಿ ಮಾತನಾಡುವವರಿಲ್ಲ, ನ್ಯಾಯಾಧಿಪತಿಗೋ ದೇವರ ಭಯವೂ ಇಲ್ಲ, ಮನುಷ್ಯರ ಲಕ್ಷ್ಯವೂ ಇಲ್ಲ. ಮತ್ತೆ ಮತ್ತೆ ಹೋಗಿ ಎದುರು ನಿಲ್ಲುವುದೊಂದೇ ಅವಳ ಕೈಯಲ್ಲಿದ್ದದ್ದು. ದೇವರು ಆ ನ್ಯಾಯಾಧಿಪತಿಯ ಹಾಗೆ ಎಂದು ಯೇಸು ಹೇಳುತ್ತಿಲ್ಲ. ಅಂಥವನೇ ಕೊನೆಗೆ ನ್ಯಾಯ ಕೊಟ್ಟನೆಂದ ಮೇಲೆ, ಹಗಲಿರುಳು ಮೊರೆಯಿಡುವ ತನ್ನ ಜನರಿಗೆ ದೇವರು ಕೊಡದಿರುವನೇ ಎಂದು ಕೇಳುತ್ತಾನೆ. ಆ ಸಾಮ್ಯವು ಮುಗಿಯುವುದು, ಮನುಷ್ಯಕುಮಾರನು, ಅಂದರೆ ತಾನು, ಬಂದಾಗ ಭೂಮಿಯ ಮೇಲೆ ನಂಬಿಕೆಯನ್ನು ಕಾಣುವನೋ ಎಂಬ ಪ್ರಶ್ನೆಯಿಂದ. ಬೇಸರಗೊಳ್ಳದೆ ಬೇಡುವುದನ್ನೇ ಯೇಸು ಅಲ್ಲಿ ನಂಬಿಕೆಯೆಂದು ಎಣಿಸಿದ್ದಾನೆ.

ಉತ್ತರ (ಮೂಡಿಗೆರೆಯಿಂದ)

ನಾನು ಕಥೋಲಿಕಳು. ನಿಮ್ಮ ತಾಯಿಯವರಿಗೆ ಸಂತ ಮೋನಿಕಾಳ ವಿಷಯ ತಿಳಿಸಿರಿ. ದಾರಿತಪ್ಪಿದ್ದ, ಮುಂದೆ ತಾನೂ ಸಂತನಾದ ಮಗ ಅಗಸ್ಟೀನನಿಗಾಗಿ ಆಕೆ ವರ್ಷಾನುಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದಳು. 383ರಲ್ಲಿ ಅವನು ಕಾರ್ಥೇಜಿನಿಂದ ರೋಮಿಗೆ ಹೊರಟಾಗ, ಅವನು ಹೋಗದಿರಲೆಂದು ಬಂದರಿನ ಬಳಿಯ ಗುಡಿಯೊಂದರಲ್ಲಿ ರಾತ್ರಿಯಿಡೀ ಬೇಡಿಕೊಂಡಳು. ಮಗ ಅವಳಿಗೆ ಸುಳ್ಳು ಹೇಳಿ ಅದೇ ರಾತ್ರಿ ಹಡಗು ಹತ್ತಿದ್ದ. ಅವಳ ಆ ರಾತ್ರಿಯ ಬೇಡಿಕೆ ನೆರವೇರಲಿಲ್ಲ. ಆದರೆ ಆ ಪ್ರಯಾಣವೇ ಅವನನ್ನು ಮಿಲಾನಿಗೆ, ಧರ್ಮಾಧ್ಯಕ್ಷ ಅಂಬ್ರೋಸರ ಬೋಧನೆಯ ಬಳಿಗೆ ಕೊಂಡೊಯ್ದಿತು, ಮತ್ತು 387ರ ಈಸ್ಟರ್ ಹಬ್ಬದಲ್ಲಿ ಅವನು ದೀಕ್ಷಾಸ್ನಾನ ಪಡೆದನು. ತಾಯಿಯ ಆ ಸಲದ ಬೇಡಿಕೆಯನ್ನು ದೇವರು ನಡೆಸಿಕೊಡದಿದ್ದದ್ದು, ಅವಳು ಎಂದಿನಿಂದಲೂ ಬೇಡುತ್ತಿದ್ದುದನ್ನು ಕೊಡುವುದಕ್ಕಾಗಿ ಎಂದು ಅಗಸ್ಟೀನರೇ ಮುಂದೆ ಬರೆದಿಟ್ಟಿದ್ದಾರೆ. ನಾನು ಜಪಸರ ಹಿಡಿದು ಕೂತಾಗಲೆಲ್ಲ ಇದು ನನಗೆ ಬಲ ಕೊಡುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಆದರೆ ಅಪೊಸ್ತಲ ಪೌಲನು ತನ್ನ ಶರೀರದಲ್ಲಿನ ಮುಳ್ಳು, ಅಂದರೆ ತನ್ನನ್ನು ಕಾಡುತ್ತಿದ್ದ ಬಾಧೆ, ತೊಲಗಲೆಂದು ಮೂರು ಸಲ ಬೇಡಿ ನಿಲ್ಲಿಸಿದನಲ್ಲವೇ?

ಉತ್ತರ (ಹಾಸನದಿಂದ)

ಹೌದು, 2 ಕೊರಿಂಥ 12ರಲ್ಲಿ ಹಾಗಿದೆ. ಅವನಿಗೆ ಉತ್ತರ ಬಂದಿತ್ತು, ನನ್ನ ಕೃಪೆಯೇ ನಿನಗೆ ಸಾಕು ಎಂದು, ಆದ್ದರಿಂದ ನಿಲ್ಲಿಸಿದನು. ನಿಮ್ಮ ಅಣ್ಣನ ವಿಷಯದಲ್ಲಿ ಬೇಡ ಎಂಬ ಉತ್ತರ ಯಾರಿಗೂ ಬಂದಿಲ್ಲ. ಸ್ತೋತ್ರ ಸಲ್ಲಿಸುವುದೂ ಒಳ್ಳೆಯದೇ. ಫಿಲಿಪ್ಪಿ 4:6ರಲ್ಲಿ ವಿಜ್ಞಾಪನೆ ಮತ್ತು ಕೃತಜ್ಞತಾಸ್ತುತಿ ಒಟ್ಟಿಗೇ ಇವೆ, ಒಂದನ್ನು ತೆಗೆದು ಇನ್ನೊಂದನ್ನು ಇಡಬೇಕಾಗಿಲ್ಲ.

ಉತ್ತರ (ಚಿಕ್ಕಮಗಳೂರಿನಿಂದ)

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಆ ವಿಧವೆ ಮನೆಯಲ್ಲಿ ಕೂತು ಹಾರೈಸಲಿಲ್ಲ, ಪ್ರತಿ ಸಲವೂ ಎದ್ದು ಹೋದಳು. ಕುಡಿತದ ಚಟಕ್ಕೆ ಚಿಕಿತ್ಸೆ ಇದೆ, ಮದ್ಯವರ್ಜನ ಶಿಬಿರಗಳೂ ನಡೆಯುತ್ತವೆ. ಬಹಳ ಕಾಲ ಕುಡಿದವರು ಒಮ್ಮೆಲೇ ಬಿಟ್ಟರೆ ಕೈನಡುಕ, ಫಿಟ್ಸ್ ಬರುವ ಅಪಾಯವಿರುವುದರಿಂದ, ಅಣ್ಣ ಬಿಡುತ್ತೇನೆಂದ ದಿನ ಮೊದಲು ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ತಾಯಿಯವರು ಎಂದಿನಂತೆ ಅಣ್ಣನ ಹೆಸರು ಹಿಡಿದೇ ಪ್ರಾರ್ಥಿಸಲಿ. ಅವರ ಹೆಸರನ್ನು ಇಲ್ಲಿ ಬರೆಯಬೇಕಾಗಿಲ್ಲ. ಸಕಲೇಶಪುರದ ಅಣ್ಣ ಎಂದೇ ನಮ್ಮ ಬುಧವಾರದ ಕೂಟದಲ್ಲಿಯೂ ಪ್ರಾರ್ಥಿಸುತ್ತೇವೆ.