ಒಂದು ಕುದುರೆ, ಇಬ್ಬರು ಜೊತೆಗಾರರು: ‘ರೈಡ್ ಅಂಡ್ ಟೈ’ ಮಾಡಿದವರು ಯಾರಾದ್ರೂ ಇದ್ದೀರಾ?

ಫೋಲ್ಸಮ್ ಕನ್ನಡತಿ

ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ. ಐದಾರು ವರ್ಷದಿಂದ ಓಡುತ್ತಿದ್ದೇನೆ, ಎರಡು ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ. ಕುದುರೆ ಸವಾರಿ ಮಾತ್ರ ಹೊಸದು. ಎಂಟು ತಿಂಗಳಿಂದ ವಾರಕ್ಕೊಂದು ಪಾಠ ಅಷ್ಟೇ.

ನನ್ನ ಜೊತೆ ಓಡುವ ಗೆಳತಿಯ ಹತ್ತಿರ ಒಂದು ಅರಬ್ಬಿ ಕುದುರೆ ಇದೆ. ಬೇಸಿಗೆಯಲ್ಲಿ 20 ಮೈಲಿ, ಅಂದರೆ 32 ಕಿ.ಮೀ. ‘ರೈಡ್ ಅಂಡ್ ಟೈ’ (ಸವಾರಿ ಮಾಡು, ಕಟ್ಟು) ರೇಸಿಗೆ ಜೋಡಿಯಾಗಿ ಬಾ ಎಂದು ಕರೆಯುತ್ತಿದ್ದಾಳೆ. ಒಬ್ಬರು ಕುದುರೆ ಮೇಲೆ ಹೊರಡಬೇಕು, ಇನ್ನೊಬ್ಬರು ಹಿಂದೆ ಓಡಬೇಕು. ಮುಂದೆ ಹೋದವರು ಒಂದು ಕಡೆ ಇಳಿದು, ಕುದುರೆಯನ್ನು ಮರಕ್ಕೆ ಕಟ್ಟಿ, ಓಡಿಕೊಂಡು ಮುಂದೆ ಹೋಗಬೇಕು. ಹಿಂದಿನವರು ಬಂದು ಬಿಚ್ಚಿಕೊಂಡು ಹತ್ತಬೇಕು, ಓಡುತ್ತಿರುವವರನ್ನು ದಾಟಿ ಹೋಗಿ ಮತ್ತೆ ಕಟ್ಟಬೇಕು. ಕೊನೆತನಕ ಹೀಗೇ.

ನನಗೆ ಗೊತ್ತಾಗದೇ ಇರುವುದು ಇದು. ಯಾವಾಗಲೂ ಒಬ್ಬರು ಕಾಲ್ನಡಿಗೆಯಲ್ಲೇ ಇರುತ್ತೀವಲ್ವಾ? ಹಾಗಿದ್ದರೆ ಸಮಯ ಉಳಿಯುವುದು ಎಲ್ಲಿ? ಅವಳು ಐದು ಅಡಿ ಒಂಬತ್ತು ಇಂಚು, ನಾನು ಐದು ಅಡಿ ಒಂದು ಇಂಚು. ಜೀನಿನಿಂದ ಇಳಿಬಿದ್ದಿರುವ, ಕಾಲಿಡುವ ರಿಕಾಪನ್ನು ಯಾರ ಅಳತೆಗೆ ಹೊಂದಿಸುವುದು?

ಇನ್ನೊಂದು ಇದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ‘ಮೂಕಪ್ರಾಣೀನ ಕಾಡಲ್ಲಿ ಒಂಟಿಯಾಗಿ ಕಟ್ಟಿ ಹೋಗ್ತೀರಾ?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೆಕ್ಕದ ಮೇಷ್ಟ್ರು, ಧಾರವಾಡ

ನಾನು ಕುದುರೆ ಹತ್ತಿದವನಲ್ಲ. ಆದರೆ ಈ ಲೆಕ್ಕವನ್ನು ಎಷ್ಟೋ ವರ್ಷ ಮಕ್ಕಳಿಗೆ ಹಾಕಿದ್ದೇನೆ.

36 ಕಿ.ಮೀ. ದಾರಿ ಅಂತ ಇಟ್ಟುಕೊಳ್ಳಿ. ಕುದುರೆ ಗಂಟೆಗೆ 12 ಕಿ.ಮೀ. ಹೋಗುತ್ತದೆ. ಒಬ್ಬರು ಗಂಟೆಗೆ 6 ಕಿ.ಮೀ. ನಡೆಯುತ್ತಾರೆ, ಇನ್ನೊಬ್ಬರು 4. ಕುದುರೆ ಇಲ್ಲದಿದ್ದರೆ ಚುರುಕಿನವರಿಗೆ 6 ತಾಸು, ನಿಧಾನದವರಿಗೆ 9 ತಾಸು ಬೇಕು. ಈಗ ಕುದುರೆಯನ್ನು ಸಮನಾಗಿ ಹಂಚಿ, ತಲಾ 18 ಕಿ.ಮೀ. ಚುರುಕಿನವರು ನಾಲ್ಕೂವರೆ ತಾಸಿನಲ್ಲಿ ಮುಟ್ಟುತ್ತಾರೆ, ನಿಧಾನದವರು 6 ತಾಸಿನಲ್ಲಿ. ಇಬ್ಬರಿಗೂ ಲಾಭವೇ, ಆದರೆ ಒಬ್ಬರು ಒಂದೂವರೆ ತಾಸು ಕಾದು ಕೂರಬೇಕು.

ಹಂಚಿಕೆ ಬದಲಿಸಿ ನೋಡ್ರಿ. ನಿಧಾನದವರಿಗೆ 24 ಕಿ.ಮೀ. ಸವಾರಿ, ಚುರುಕಿನವರಿಗೆ 12 ಮಾತ್ರ. ನಿಧಾನದವರಿಗೆ ಸವಾರಿ 2 ತಾಸು, ನಡಿಗೆ 3 ತಾಸು. ಚುರುಕಿನವರಿಗೆ ಸವಾರಿ 1 ತಾಸು, ನಡಿಗೆ 4 ತಾಸು. ಇಬ್ಬರೂ ಸರಿಯಾಗಿ 5 ತಾಸಿಗೆ ಮುಟ್ಟಿದರು! ಒಂಟಿಯಾಗಿ ಬೀಸುಗಾಲು ಹಾಕುವವರಿಗಿಂತ ಒಂದು ತಾಸು ಮುಂಚೆ. ಅರ್ಧ ಅರ್ಧ ಹಂಚಿದರೆ ನ್ಯಾಯ ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಲ್ಲ. ನಿಮ್ಮಿಬ್ಬರಲ್ಲಿ ಚೆನ್ನಾಗಿ ಓಡುವವರು ಜಾಸ್ತಿ ಓಡಬೇಕು.

ಅಮ್ಮನ ಪ್ರಶ್ನೆಗೂ ಈ ಲೆಕ್ಕದಲ್ಲೇ ಒಂದು ಸುಳಿವಿದೆ. ಕುದುರೆ 36 ಕಿ.ಮೀ. ಹೋಗುವುದಕ್ಕೆ 3 ತಾಸು ಸಾಕು. ಉಳಿದ 2 ತಾಸು ಅದು ನಿಂತಿರುತ್ತದೆ.

ಈ ಪದ್ಧತಿ ಹಳೆಯದು. 1737ರ ಮಾರ್ಚ್‌ನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಮತ್ತು ಅವರ ಶಿಷ್ಯ ಡೇವಿಡ್ ಗ್ಯಾರಿಕ್ ಇಂಗ್ಲೆಂಡಿನ ಲಿಚ್‌ಫೀಲ್ಡ್‌ನಿಂದ ಲಂಡನ್‌ಗೆ ಹೊರಟಾಗ ಹೀಗೇ ಒಂದು ಕುದುರೆ ಹಂಚಿಕೊಂಡಿದ್ದರು ಎನ್ನುತ್ತಾರೆ. ಸುಮಾರು 190 ಕಿ.ಮೀ. ದಾರಿ. ಗುರುವಿಗೆ 27, ಶಿಷ್ಯನಿಗೆ 20. ಇಬ್ಬರ ಜೇಬಲ್ಲೂ ದುಡ್ಡಿರಲಿಲ್ಲ. ಮುಂದೆ ಒಬ್ಬರು ದೊಡ್ಡ ನಿಘಂಟುಕಾರರಾದರು, ಇನ್ನೊಬ್ಬರು ದೊಡ್ಡ ನಟರಾದರು.

ಆಬರ್ನ್ ದಾರಿ

ನೀವು ನಮ್ಮ ಪಕ್ಕದ ಊರಿನವರು, ನೋಡಿ ತುಂಬಾ ಖುಷಿಯಾಯಿತು. ನಾನು ಈ ರೇಸನ್ನು ಹನ್ನೊಂದು ಸಲ ಓಡಿದ್ದೇನೆ. ಮೇಷ್ಟ್ರ ಲೆಕ್ಕ ಸರಿಯಾಗಿದೆ. ಅದರಾಚೆಗೆ ಇರುವುದನ್ನು ನಾನು ಹೇಳುತ್ತೇನೆ.

ನಮ್ಮೂರು ಹಿರೇಕೆರೂರಿನ ಹತ್ತಿರ. ಹೈಸ್ಕೂಲು 7 ಕಿ.ಮೀ. ದೂರ. ಮನೆಯಲ್ಲಿ ಇದ್ದದ್ದು ಒಂದೇ ಸೈಕಲ್ಲು, ಅದಕ್ಕೆ ಕ್ಯಾರಿಯರ್ ಇರಲಿಲ್ಲ. ನಮ್ಮಣ್ಣ ಹೊಡೆದುಕೊಂಡು ಹೋಗಿ ಕೆರೆ ಏರಿಯ ಆಲದ ಮರಕ್ಕೆ ಒರಗಿಸಿ ನಡೆಯುತ್ತಿದ್ದ. ನಾನು ನಡೆದು ಬಂದು ಅದನ್ನು ಹತ್ತಿ, ಅವನನ್ನು ದಾಟಿ, ಹಿಟ್ಟಿನ ಗಿರಣಿ ಹತ್ತಿರ ಬಿಡುತ್ತಿದ್ದೆ. ಮೂರು ವರ್ಷ ಹೀಗೇ ಹೋದೆವು. ಹಾಗಾಗಿ ಇಲ್ಲಿ ಮೊದಲ ಸಲ ಈ ಆಟ ನೋಡಿದಾಗ ನನಗೆ ಹೊಸದು ಅನ್ನಿಸಲೇ ಇಲ್ಲ. ಆದರೆ ಸೈಕಲ್ಲು ಒರಗಿಸಿದ ಕಡೆ ಸುಮ್ನೆ ಇರುತ್ತದೆ. ಕುದುರೆ ಹಾಗಲ್ಲ.

ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಕುದುರೆ ಗುಂಪಿನ ಪ್ರಾಣಿ. ಬೇರೆ ಕುದುರೆಗಳು ದಾಟಿ ಹೋಗುವಾಗ ಕಟ್ಟಿಹಾಕಿದ ಕುದುರೆ ಕೆನೆಯುತ್ತದೆ, ಕಾಲು ಕೆದರುತ್ತದೆ, ಸುತ್ತು ಹಾಕುತ್ತದೆ. ಅದಕ್ಕೇ ರೇಸಿಗೆ ಮೊದಲು ತಿಂಗಳುಗಟ್ಟಲೆ ಕಟ್ಟುವುದನ್ನೇ ಅಭ್ಯಾಸ ಮಾಡಿಸಬೇಕು. ಮೊದಲು ಮನೆಯ ಬೇಲಿ ಹತ್ತಿರ ಐದು ನಿಮಿಷ. ಆಮೇಲೆ ದಾರಿಯಲ್ಲಿ, ನೀವು ಕಣ್ಣಿಗೆ ಕಾಣುವಷ್ಟು ದೂರ ಹೋಗಿ. ಆಮೇಲೆ ತಿರುವಿನಾಚೆ. ಪ್ರತಿ ಸಲವೂ ಯಾರೋ ಒಬ್ಬರು ಬಂದೇ ಬರುತ್ತಾರೆ ಎಂದು ಅದಕ್ಕೆ ಗೊತ್ತಾಗಬೇಕು. ಗೊತ್ತಾದ ದಿನ ನೋಡಿ, ಕತ್ತು ಇಳಿಬಿಟ್ಟು, ಹಿಂಗಾಲು ಒಂದನ್ನು ಸಡಿಲ ಮಾಡಿ ನಿಲ್ಲುತ್ತದೆ. ಕೆಳತುಟಿ ಜೋತುಬಿದ್ದಿರುತ್ತದೆ. ಆಗಲೇ ಅದು ನಿಜವಾಗಿ ವಿಶ್ರಾಂತಿ ತೆಗೆದುಕೊಳ್ಳುವುದು. ಹಾಗೆ ನಿಲ್ಲದ ಕುದುರೆಯನ್ನು ರೇಸಿಗೆ ತರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೆಳತಿಗೆ ಬೇಜಾರಾದರೂ ಸರಿ, ಇದನ್ನು ಮೊದಲು ಕೇಳಿ.

ಇಬ್ಬರೂ ಒಟ್ಟಿಗೆ ಕೂತರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಕುದುರೆ ತನ್ನ ತೂಕದ ಐದನೇ ಒಂದು ಪಾಲು ಹೊರುವುದು ಮಿತಿ ಎಂದು ಸವಾರರು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಅರಬ್ಬಿ ಕುದುರೆ 400ರಿಂದ 450 ಕೆ.ಜಿ. ಇರುತ್ತದೆ ಅನ್ನಿ. ಜೀನು, ನೀರು ಎಲ್ಲಾ ಸೇರಿ 80, 90 ಕೆ.ಜಿ. ಅಷ್ಟೇ.

ದಾರಿಯಲ್ಲಿ ಪಶುವೈದ್ಯರ ತಪಾಸಣೆ ಇರುತ್ತದೆ. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಓಡಿ ಬಂದಾಗ ಎಷ್ಟೇ ಏರಿರಲಿ, ರೇಸಿನವರು ಗೊತ್ತುಮಾಡಿದ ಅಂಕಿಗೆ ಇಳಿಯುವ ತನಕ ಬಿಡುವುದಿಲ್ಲ. ನಾನು ನೋಡಿದ್ದು ಹೆಚ್ಚಾಗಿ 60 ಅಥವಾ 64. ಕತ್ತಿನ ಚರ್ಮ ಚಿವುಟಿ ಬಿಟ್ಟು ಎಷ್ಟು ಬೇಗ ಹಿಂದೆ ಕೂರುತ್ತದೆ ನೋಡುತ್ತಾರೆ, ಒಸಡು ಒತ್ತಿ ಬಣ್ಣ ನೋಡುತ್ತಾರೆ, ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುತ್ತಾರೆ, ಕುಂಟುತ್ತದೆಯೇ ಎಂದು ಓಡಿಸಿ ನೋಡುತ್ತಾರೆ. ನಾವಿಬ್ಬರು ಸುಸ್ತಾಗಿದ್ದೀವಾ ಎಂದು ಯಾರೂ ಕೇಳುವುದಿಲ್ಲ. ಅದೇ ನನಗೆ ಇಷ್ಟ. ಇಬ್ಬರು ಮನುಷ್ಯರು, ಒಂದು ಕುದುರೆ, ಮೂವರೂ ಗೆರೆ ದಾಟಿದರೇನೇ ರೇಸ್ ಮುಗಿದ ಹಾಗೆ.

ಈ ಸ್ಪರ್ಧೆ ಶುರುವಾದದ್ದು 1971ರಲ್ಲಿ, ಇಲ್ಲೇ ಕ್ಯಾಲಿಫೋರ್ನಿಯಾದ ಸೇಂಟ್ ಹೆಲೆನಾದಲ್ಲಿ. ಜೀನ್ಸ್ ಪ್ಯಾಂಟು ಮಾಡುವ ಲೀವೈ ಸ್ಟ್ರಾಸ್ ಕಂಪನಿಯ ಬಡ್ ಜಾನ್ಸ್ ಅದನ್ನು ಹುಟ್ಟುಹಾಕಿದವರು. ನಮ್ಮ ಆಬರ್ನ್‌ನಲ್ಲಿ ಕುದುರೆ ಮತ್ತು ಓಟ ಬೇರೆ ಬೇರೆ ಅಲ್ಲವೇ ಅಲ್ಲ. ಇಲ್ಲಿಗೆ ಬಂದು ಮುಗಿಯುವ 100 ಮೈಲಿಯ ಟೆವಿಸ್ ಕಪ್ ಕುದುರೆ ರೇಸಿನಲ್ಲಿ 1973ರಲ್ಲಿ ಗಾರ್ಡಿ ಏನ್ಸ್‌ಲೀ ಅವರ ಕುದುರೆ ಕುಂಟಿತು. ಮರುವರ್ಷ ಅವರು ಕುದುರೆಯೇ ಇಲ್ಲದೆ ಅದೇ ದಾರಿ ಓಡಿ 23 ಗಂಟೆ 42 ನಿಮಿಷದಲ್ಲಿ ಮುಗಿಸಿದರು. ಇವತ್ತಿನ ವೆಸ್ಟರ್ನ್ ಸ್ಟೇಟ್ಸ್ ಎಂಬ 100 ಮೈಲಿ ಓಟದ ಬೇರು ಅಲ್ಲಿದೆ.

ಒಂದು ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ನನ್ನ ಎರಡನೇ ರೇಸು. ಬಿಸಿಲು ಜಾಸ್ತಿ ಇತ್ತು, ಕುದುರೆಗೆ ನೆರಳು ಸಿಗಲಿ ಎಂದು ದಾರಿಯಿಂದ ಹತ್ತು ಹೆಜ್ಜೆ ಒಳಗೆ, ಪೊದೆಯ ಹಿಂದೆ ಓಕ್ ಮರಕ್ಕೆ ಕಟ್ಟಿದೆ. ನನ್ನ ಜೊತೆಗಾರ ತಲೆ ಬಗ್ಗಿಸಿ ಕಲ್ಲು ನೋಡಿಕೊಂಡು ಓಡಿ ಬಂದವನು ಕುದುರೆ ಕಾಣದೆ ಮುಂದೆ ಹೋಗಿಬಿಟ್ಟ. ನಾನು ಮುಂದಿನ ತೊರೆಯಲ್ಲಿ ಟೋಪಿ ನೆನೆಸುತ್ತಿದ್ದೆ. ಹಿಂದಿನಿಂದ ಗೊರಸಿನ ಸದ್ದಿನ ಬದಲು ಬೂಟಿನ ಸದ್ದು ಕೇಳಿತು. ತಿರುಗಿ ನೋಡಿದರೆ ಅವನು ಕಾಲ್ನಡಿಗೆಯಲ್ಲಿ ನಿಂತಿದ್ದಾನೆ. ಇಬ್ಬರೂ ಒಂದು ಕ್ಷಣ ಮಾತಾಡಲಿಲ್ಲ. ನಾನು ಎರಡು ಕಿ.ಮೀ. ವಾಪಸ್ ಓಡಿದೆ. ಅದು ಹಗ್ಗ ಮರಕ್ಕೆ ಸುತ್ತಿಕೊಂಡು, ಮೈಯೆಲ್ಲಾ ಬೆವರಿ ನಡುಗುತ್ತಿತ್ತು. ಕತ್ತಿನ ಮೇಲೆ ಕೈ ಇಟ್ಟಾಗ ಮೂಗನ್ನು ನನ್ನ ಕಂಕುಳಿಗೆ ಒತ್ತಿಕೊಂಡು ನಿಂತಿತು. ಅವತ್ತು ಅಲ್ಲಿಗೇ ರೇಸು ಬಿಟ್ಟು ನಡೆಸಿಕೊಂಡು ಬಂದೆ. ಅಂದಿನಿಂದ ದಾರಿಯ ಬಲಕ್ಕೇ ಕಟ್ಟುತ್ತೇನೆ, ದಾರಿಗೆ ಕಾಣುವ ಹಾಗೇ ಕಟ್ಟುತ್ತೇನೆ, ಹಣೆಪಟ್ಟಿಗೆ ಕಿತ್ತಳೆ ಬಟ್ಟೆ ಕಟ್ಟಿರುತ್ತೇನೆ. ಬಿಳಿ ಅರಬ್ಬಿ ಕುದುರೆಗಳು ದೂರದಿಂದ ಎಲ್ಲಾ ಒಂದೇ ಥರ ಕಾಣುತ್ತವೆ.

ರಿಕಾಪು ನಿಮ್ಮ ಅಳತೆಗೇ ಇರಲಿ. ಉದ್ದ ಕಾಲಿನವರು ಮೊಣಕಾಲು ಮಡಚಿ ನಿಭಾಯಿಸಬಹುದು. ಗಿಡ್ಡ ಕಾಲಿಗೆ ರಿಕಾಪು ಸಿಗದಿದ್ದರೆ ಬೀಳುವ ಭಯ. ಗೆಳತಿ ಕಟ್ಟುವಾಗ ಪಕ್ಕದಲ್ಲಿ ಬಂಡೆಯೋ ಮರದ ಬೊಡ್ಡೆಯೋ ಇರುವ ಜಾಗ ಹುಡುಕಲಿ, ನಿಮಗೆ ಹತ್ತುವುದಕ್ಕೆ. ಸರದಿ ಚಿಕ್ಕದಿರಲಿ, ಒಂದೊಂದು ಮೈಲಿ ಸಾಕು.

ಕುದುರೆ ಲಾಯ, ಮೈಸೂರು

ನಾನು ಪೊಲೀಸ್ ಅಶ್ವದಳದಲ್ಲಿ ಕುದುರೆ ನೋಡಿಕೊಂಡು ರಿಟೈರ್ ಆದವನು. ದಸರಾ ಮೆರವಣಿಗೆಯ ಗದ್ದಲದಲ್ಲಿ ಕುದುರೆ ನಿಲ್ಲಿಸಿದ್ದೇನೆ, ಅದಕ್ಕೆ ಎರಡು ಮಾತು ಹೇಳ್ತೀನಿ ನೋಡಮ್ಮ.

ಲಗಾಮಿನಿಂದ ಯಾವತ್ತೂ ಕಟ್ಟಬೇಡ. ಬೆದರಿ ಹಿಂದಕ್ಕೆ ಎಳೆದರೆ ಕಡಿವಾಣ ಬಾಯಿ ಸೀಳುತ್ತದೆ. ತಲೆಗೆ ಬೇರೆ ಮುಖಪಟ್ಟಿ ಹಾಕಿ, ಅದರ ಹಗ್ಗದಿಂದ ಕಟ್ಟು. ಹಗ್ಗ ಅದರ ಎದೆಗಿಂತ ಮೇಲಿರಬೇಕು, ಮೊಳದುದ್ದ ಸಡಿಲ ಸಾಕು. ಕೆಳಗೆ ಕಟ್ಟಿದರೆ, ಉದ್ದ ಬಿಟ್ಟರೆ, ಮುಂಗಾಲು ಹಗ್ಗ ದಾಟುತ್ತದೆ. ಅಲ್ಲಿಗೆ ಮುಗೀತು. ತುದಿ ಹಿಡಿದು ಒಂದೇ ಸಲ ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕು. ಒಣ ಕೊಂಬೆಗೆ ಬೇಡ, ಹಸಿ ಮರದ ಬುಡ ನೋಡು.

ಓಡಿ ಬಂದ ರಭಸದಲ್ಲಿ ಹಿಂದಿನಿಂದ ನುಗ್ಗಬೇಡ. ದೂರದಿಂದಲೇ ಹೆಸರು ಹಿಡಿದು ಕರಿ. ಕಿವಿ ನಿನ್ನ ಕಡೆ ತಿರುಗಿದ ಮೇಲೆ ಭುಜದ ಪಕ್ಕಕ್ಕೆ ಹೋಗು. ಹತ್ತುವ ಮುಂಚೆ ಹೊಟ್ಟೆಪಟ್ಟಿ ಮುಟ್ಟಿ ನೋಡು. ಬೆವರಿದ ಮೇಲೆ ಅದು ಸಡಿಲ ಆಗಿರುತ್ತದೆ. ಎಷ್ಟೇ ಅವಸರ ಇರಲಿ, ಇದನ್ನು ಬಿಡಬೇಡ.

ಫೋಲ್ಸಮ್ ಕನ್ನಡತಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಾನೇ ಚುರುಕಿನವಳು, ಜಾಸ್ತಿ ಓಡುವುದು ನನ್ನ ಪಾಲಿಗೆ ಬಂತು. ಮೈಸೂರಿನ ಹಿರಿಯರು ಹೇಳಿದ ಗಂಟನ್ನು ಕುರ್ಚಿ ಕಾಲಿಗೆ ಕಟ್ಟಿ ಬಿಚ್ಚಿ ಕಲಿತೆ.

ಭಾನುವಾರ ಗೆಳತಿಯ ಜಾಗಕ್ಕೆ ಹೋಗಿದ್ದೆ. ಬೇಲಿ ಕಂಬಕ್ಕೆ ಕಟ್ಟಿ ಕೊಟ್ಟಿಗೆಯ ಹಿಂದೆ ಮರೆಯಾಗಿ ನಿಂತೆವು. ಮೊದಲ ಸಲ ಎರಡೇ ನಿಮಿಷಕ್ಕೆ ಕೆನೆಯಿತು, ಕಾಲು ಕೆದರಿತು. ಹೆಸರು ಕರೆಯುತ್ತಾ ಹೋಗಿ ಬಿಚ್ಚಿದೆ. ಹೀಗೆ ಆರು ಸಲ. ಆರನೇ ಸಲ ಕೆನೆಯಲಿಲ್ಲ, ಆದರೆ ಕಿವಿ ಎರಡೂ ಕೊಟ್ಟಿಗೆ ಕಡೆಗೇ ನೆಟ್ಟಿತ್ತು. ಆಬರ್ನ್‌ನವರು ಹೇಳಿದ ಹಾಗೆ ಕೆಳತುಟಿ ಜೋತುಬೀಳುವುದಕ್ಕೆ ಇನ್ನೂ ಸಮಯ ಬೇಕು. ಈ ಬೇಸಿಗೆ ಆಗದಿದ್ದರೆ ಮುಂದಿನ ಬೇಸಿಗೆ ಎಂದು ಇಬ್ಬರೂ ಒಪ್ಪಿಕೊಂಡೆವು.

ಅಮ್ಮನಿಗೆ ವಿಡಿಯೋ ಕಳಿಸಿದೆ. ಎರಡು ಸಲ ನೋಡಿ ಫೋನ್ ಮಾಡಿ, ‘ಆಮೇಲೆ ಹುಲ್ಲು ಹಾಕಿದ್ರಾ?’ ಎಂದು ಕೇಳಿದರು. ಹಾಕಿದ್ದೆವು.