ಒಬ್ಬರೇ ಬರೆದ ಪತ್ರಗಳು: ಪ್ರಕರಣ ಅಧ್ಯಯನವೇ, ವಿಷಯ ವಿಶ್ಲೇಷಣೆಯೇ?

ಪ್ರಶ್ನೆ (ಮನಶ್ಶಾಸ್ತ್ರ ಎಂ.ಎ. ವಿದ್ಯಾರ್ಥಿನಿ):
ನಮ್ಮ ದೊಡ್ಡಮ್ಮ ಮದುವೆಯಾಗಿ ಮುಂಬಯಿಗೆ ಹೋದ ಮೇಲೆ ತುಮಕೂರಿನಲ್ಲಿದ್ದ ನನ್ನ ತಾಯಿಗೆ ಇಪ್ಪತ್ತು ವರ್ಷಗಳ ಕಾಲ ಬರೆದ ಸುಮಾರು 140 ಪತ್ರಗಳು ಮನೆಯ ಟ್ರಂಕಿನಲ್ಲಿವೆ. ಅವರ ಒಂಟಿತನ ಕಾಲಕ್ರಮದಲ್ಲಿ ಹೇಗೆ ಬದಲಾಯಿತು ಎಂಬುದನ್ನು ಕಿರುಪ್ರಬಂಧದ ವಸ್ತುವಾಗಿಸಿಕೊಳ್ಳಬೇಕೆಂದಿದ್ದೇನೆ. ಇದು ಪ್ರಕರಣ ಅಧ್ಯಯನವೋ, ವಿಷಯ ವಿಶ್ಲೇಷಣೆಯೋ? ಒಬ್ಬರನ್ನು ನೋಡಿ ಏನನ್ನೂ ಸಾಧಿಸಿ ತೋರಿಸಲಾಗದು ಎಂದು ಸಹಪಾಠಿಗಳು ಹೇಳುತ್ತಾರೆ.

ಉತ್ತರ 1 (ನಿವೃತ್ತ ಅಧ್ಯಾಪಕ):
ಎರಡೂ ಹೌದು. ಯಾರನ್ನು ಅಧ್ಯಯನ ಮಾಡುತ್ತೀರಿ ಎಂಬುದಕ್ಕೆ ಮೊದಲನೆಯ ಹೆಸರು (ಒಬ್ಬರನ್ನೇ ಆಳವಾಗಿ ನೋಡುವುದು), ಬರಹವನ್ನು ಹೇಗೆ ಓದುತ್ತೀರಿ ಎಂಬುದಕ್ಕೆ ಎರಡನೆಯದು (ಬರೆದದ್ದನ್ನು ವರ್ಗಗಳಾಗಿ ವಿಂಗಡಿಸಿ ಎಣಿಸುವುದು). ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1965ರಲ್ಲಿ ಪ್ರಕಟಿಸಿದ ‘ಜೆನ್ನಿ’ಯ ಅಧ್ಯಯನ ನಿಮಗೆ ತೀರ ಹತ್ತಿರದ್ದು. ಆ ಮಹಿಳೆಯ 301 ಪತ್ರಗಳನ್ನು ಓದಿದ 36 ಮಂದಿ ಆಕೆಯ ಸ್ವಭಾವವನ್ನು 198 ಪದಗಳಲ್ಲಿ ವರ್ಣಿಸಿದರು. ಆಲ್‌ಪೋರ್ಟ್ ಅವನ್ನು ಎಂಟು ಗುಂಪುಗಳಿಗೆ ಇಳಿಸಿದರು. ಮರುವರ್ಷ ಜೆಫ್ರಿ ಪೇಜ್ ಎಂಬ ಸಂಶೋಧಕ ಅವೇ ಪತ್ರಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿದಾಗ ಬಂದ ಅಂಶಗಳೂ (ಒಟ್ಟೊಟ್ಟಿಗೆ ಕಾಣಿಸುವ ಪದಗಳ ಗುಂಪುಗಳೂ) ಎಂಟೇ, ಅವುಗಳಲ್ಲಿ ಹಲವು ಆಲ್‌ಪೋರ್ಟರ ಗುಂಪುಗಳನ್ನೇ ಹೋಲುತ್ತಿದ್ದವು.

ಸಹಪಾಠಿಗಳ ಮಾತು ಅರ್ಧ ಸರಿ. 1953ರಲ್ಲಿ ಅಪಸ್ಮಾರಕ್ಕೆ ಮೆದುಳಿನ ಶಸ್ತ್ರಚಿಕಿತ್ಸೆಯಾದ ಹೆನ್ರಿ ಮೊಲೈಸನ್, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವುದರಲ್ಲಿ ದಿನದಿಂದ ದಿನಕ್ಕೆ ಪಳಗಿದರು. ಆದರೆ ಹಿಂದೆ ಅದನ್ನು ಮಾಡಿದ್ದೇ ಅವರಿಗೆ ನೆನಪಿರುತ್ತಿರಲಿಲ್ಲ. ನೆನಪೆಂಬುದು ಒಂದೇ ಶಕ್ತಿಯೆಂಬ ನಂಬಿಕೆಯನ್ನು ಅಲುಗಾಡಿಸಲು ಆ ಒಬ್ಬರು ಸಾಕಾದರು. ನಿಮ್ಮ ದೊಡ್ಡಮ್ಮನಿಂದ ‘ಊರು ಬಿಟ್ಟ ಹೆಂಗಸರೆಲ್ಲ ಹೀಗೆ’ ಎಂದು ಹೇಳಲಾಗದು, ಆದರೆ ‘ಎಲ್ಲರೂ ಹಾಗೆ’ ಎನ್ನುವವರನ್ನು ತಡೆದು ನಿಲ್ಲಿಸಬಹುದು.

ಉತ್ತರ 2 (ಸಂಶೋಧನಾ ವಿದ್ಯಾರ್ಥಿ):
ನಿಜವಾದ ತೊಡಕಿರುವುದು ವರ್ಗಗಳನ್ನು ಗೊತ್ತುಮಾಡುವಲ್ಲಿ. ‘ಬೇಜಾರು’ ಎಂಬ ಒಂದು ಪದ ಕನ್ನಡದಲ್ಲಿ ದುಃಖವೂ ಹೌದು, ಹೊತ್ತು ಹೋಗದಿರುವುದೂ ಹೌದು, ಮನಸ್ಸಿಗಾದ ನೋವೂ ಹೌದು. ಆದ್ದರಿಂದ ಪದವನ್ನಲ್ಲ, ವಾಕ್ಯವನ್ನು ಎಣಿಕೆಯ ಘಟಕವಾಗಿಸಿಕೊಳ್ಳಿ. ‘ಇತ್ತ ನಾವೆಲ್ಲ ಕ್ಷೇಮ’ ಎಂಬುದು ಸಂತೋಷದ ಲೆಕ್ಕಕ್ಕೆ ಬರಬಾರದು, ಏಕೆಂದರೆ ಎಷ್ಟೇ ಸಂಕಟವಿದ್ದರೂ ಪತ್ರ ಶುರುವಾಗುತ್ತಿದ್ದುದೇ ಹಾಗೆ.

ನಿಯಮಗಳನ್ನು ಮೊದಲೇ ಬರೆದಿಟ್ಟು, ಮನೆಯವರಲ್ಲದ ಇನ್ನೊಬ್ಬರಿಂದಲೂ ಗುರುತು ಹಾಕಿಸಿ. ಬರೀ ಶೇಕಡಾವಾರು ಹೊಂದಿಕೆಯನ್ನು ನಂಬಬೇಡಿ. ಇಬ್ಬರೂ ನೂರರಲ್ಲಿ 90 ವಾಕ್ಯಗಳಿಗೆ ‘ಒಂಟಿತನವಿಲ್ಲ’ ಎಂದು ಗುರುತಿಸುವವರಾದರೆ, ಕಣ್ಣು ಮುಚ್ಚಿ ಗುರುತು ಹಾಕಿದರೂ ಸುಮಾರು 82 ಕಡೆ (81 ಕಡೆ ಇಬ್ಬರೂ ‘ಇಲ್ಲ’, 1 ಕಡೆ ಇಬ್ಬರೂ ‘ಇದೆ’) ಒಮ್ಮತ ಕಾಣುತ್ತದೆ! ಈ ಆಕಸ್ಮಿಕ ಭಾಗವನ್ನು ಕಳೆದು ನೋಡಲೆಂದೇ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೊಹೆನ್ 1960ರಲ್ಲಿ ಕಪ್ಪಾ ಎಂಬ ಅಳತೆಯನ್ನು ಕೊಟ್ಟರು. ಮೇಲಿನ ಉದಾಹರಣೆಯಲ್ಲಿ ಅದು ಸೊನ್ನೆ, ಅಂದರೆ ಆಕಸ್ಮಿಕವನ್ನು ಮೀರಿದ ಒಮ್ಮತವೇ ಇಲ್ಲ.

ಪ್ರಶ್ನಿಸಿದವರು:
ವಂದನೆಗಳು. ತಾಯಿಯವರು ಒಪ್ಪಿದ್ದಾರೆ, ಆದರೆ ಹನ್ನೆರಡು ಪತ್ರಗಳನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ ಎಂದರು.

ಉತ್ತರ 1:
ಒತ್ತಾಯಿಸಬೇಡಿ. ಅವು ಯಾವ ವರ್ಷಗಳವು ಎಂಬುದನ್ನಷ್ಟೇ ಕೇಳಿ, ಪ್ರಬಂಧದಲ್ಲಿ ನಮೂದಿಸಿ. ಹನ್ನೆರಡೂ ಒಂದೇ ಕಾಲದವಾಗಿದ್ದರೆ, ಆ ವರ್ಷಗಳಲ್ಲಿ ಒಂಟಿತನ ಇಳಿಯಿತೆಂದು ನಿಮ್ಮ ಎಣಿಕೆ ತೋರಿಸಿದರೂ ಅದನ್ನು ನಂಬಬೇಡಿ, ಏಕೆಂದರೆ ಅದನ್ನು ಹೆಚ್ಚು ಹೇಳುವ ಪತ್ರಗಳೇ ಅವಾಗಿರಬಹುದು.