ಸೈಕಾಲಜಿ ಮೇಡಂಗೆ ಕೇಳಿ: ಮನಸ್ಸು ಓದೋದು, ಎದೆ ಮೇಲೆ ಕೂರೋ ಚೌಡಿ, ‘ನನ್ನ ಫ್ರೆಂಡ್‌ಗೆ’ ಅನ್ನೋ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನೂರು ತೀರ್ಥಹಳ್ಳಿ ಕಡೆ, ಪಾಠ ಮಾಡೋದು ಶಿವಮೊಗ್ಗದ ಒಂದು ಡಿಗ್ರಿ ಕಾಲೇಜಲ್ಲಿ, ವಿಷಯ ಮನಃಶಾಸ್ತ್ರ. ಈ ವಾರ ಉತ್ತರ ಹೇಳೋ ಪಾಳಿ ನಿಮ್ಮದು ಅಂತ ಅಡ್ಮಿನ್ ಹೇಳಿದ್ದಾರೆ. ಕ್ಲಾಸಲ್ಲಿ ಮಕ್ಕಳು ಕೇಳ್ತಾರಲ್ಲ, ಹಾಗೇ ಕೇಳಿ.

ಪ್ರಶ್ನೆ (ಸಾಗರದಿಂದ ಒಬ್ಬ ತಂದೆ): ಮೇಡಂ, ಮಗಳು ಪಿಯುಸಿಗೆ ಸೈಕಾಲಜಿ ತಗೋತೀನಿ ಅಂತ ಹಟ ಹಿಡಿದು ಕೂತಿದ್ದಾಳೆ. ‘ಅದನ್ನ ಓದಿದೋರು ಎದುರಿಗಿದ್ದೋರ ಮನಸ್ಸು ಓದ್ತಾರಂತೆ, ಅಂಥೋಳನ್ನ ಯಾರು ಮದುವೆ ಆಗ್ತಾರೆ’ ಅಂತಾರೆ ನಮ್ಮಮ್ಮ. ನಿಜಕ್ಕೂ ಏನು ಕಲಿಸ್ತೀರಿ?

ಉತ್ತರ: ಮನಸ್ಸು ಓದೋದು ಬಂದಿದ್ರೆ ನನ್ನ ಕೊಡೆ ಎತ್ಕೊಂಡು ಹೋದೋರನ್ನ ಜೂನ್‌ನಲ್ಲೇ ಹಿಡೀತಿದ್ದೆ.

ಪ್ರತಿ ವರ್ಷ ಮೊದಲ ದಿನವೇ ಈ ಪ್ರಶ್ನೆ ಬರುತ್ತೆ. ನಾನು ಬಾಯಲ್ಲಿ ಉತ್ತರ ಕೊಡಲ್ಲ. ಬೋರ್ಡಿನ ಮೇಲೆ ‘ಹಸಿರು’ ಅಂತ ಕೆಂಪು ಚಾಕ್‌ಪೀಸಲ್ಲಿ, ‘ಹಳದಿ’ ಅಂತ ನೀಲಿಯಲ್ಲಿ, ಹೀಗೆ ಹತ್ತಿಪ್ಪತ್ತು ಪದ ಬರೀತೀನಿ. ಪದ ಓದಬೇಡಿ, ಬಣ್ಣ ಮಾತ್ರ ಹೇಳ್ತಾ ಹೋಗಿ ಅಂತೀನಿ. ಮೂರನೇ ಪದಕ್ಕೆ ನಾಲಿಗೆ ತೊಡರುತ್ತೆ, ಕ್ಲಾಸು ಗೊಳ್ಳೆಂದು ನಗುತ್ತೆ. ಓದೋದು ನಮಗೆ ಎಷ್ಟು ರೂಢಿಯಾಗಿದೆ ಅಂದ್ರೆ, ಓದಬೇಡ ಅಂದ್ರೂ ಕಣ್ಣು ಕೇಳಲ್ಲ. 1935ರಲ್ಲಿ ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ ಇದನ್ನ ಪ್ರಕಟಿಸಿದ, ಸ್ಟ್ರೂಪ್ ಪರಿಣಾಮ ಅಂತಲೇ ಹೆಸರು.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗ ಎದ್ದು ‘ಓದಕ್ಕೆ ಬರದೇ ಇರೋರಿಗೆ ಏನಾಗುತ್ತೆ ಮೇಡಂ?’ ಅಂದ. ನನಗೆ ಖುಷಿಯಾಯ್ತು. ಉರ್ದು ಬಲ್ಲ ಒಬ್ಬ ಹುಡುಗಿಯನ್ನ ಕರೆದು ಲಾಲ್, ಹರಾ, ನೀಲಾ ಪದಗಳನ್ನ ಉರ್ದು ಲಿಪಿಯಲ್ಲಿ ಬೇರೆ ಬೇರೆ ಬಣ್ಣದಲ್ಲಿ ಬರೆಸಿದೆ. ಇಡೀ ಕ್ಲಾಸು ಸಲೀಸಾಗಿ ಬಣ್ಣ ಹೇಳ್ಕೊಂಡು ಹೋಯ್ತು. ತಡವರಿಸಿದ್ದು ಉರ್ದು ಓದಲು ಬರುವ ಇನ್ನಿಬ್ಬರು ಮಾತ್ರ. ಪುಸ್ತಕದಲ್ಲಿ ಎರಡು ಪುಟ ಓದಿದ್ರೂ ಅಷ್ಟು ಅರ್ಥ ಆಗ್ತಿರಲಿಲ್ಲ.

ನಾವು ಕಲಿಸೋದು ಇದನ್ನೇ, ಅವರವರ ಮನಸ್ಸು ಅವರಿಗೇ ಹೇಗೆ ಆಟ ಕಟ್ಟುತ್ತೆ ಅನ್ನೋದನ್ನ. ಮತ್ತೆ ನಿಮ್ಮಮ್ಮನಿಗೆ ಹೇಳಿ, ಇದು ಹೊಸ ಶೋಕಿ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಈ ವಿಭಾಗ ಶುರುವಾಯ್ತು. ಅದನ್ನ ಕಟ್ಟಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ರೇಡಿಯೋ ಶುರು ಮಾಡಿದ್ದು.

ಪ್ರಶ್ನೆ (ಶಂಕರಘಟ್ಟದ ಹಾಸ್ಟೆಲ್‌ನಿಂದ): ಮೇಡಂ, ಪರೀಕ್ಷೆ ಹತ್ರ ಬಂದ್ರೆ ಬೆಳಗಿನ ಜಾವ ಎಚ್ಚರ ಆಗುತ್ತೆ, ಆದ್ರೆ ಕೈಕಾಲು ಆಡಲ್ಲ, ಕೂಗಕ್ಕೂ ಆಗಲ್ಲ. ಯಾರೋ ಎದೆ ಮೇಲೆ ಕೂತ ಹಾಗೆ. ಊರಲ್ಲಿ ಚೌಡಿ ಕಾಟ, ತಾಯತ ಕಟ್ಟಿಸು ಅಂತಾರೆ.

ಉತ್ತರ: ಹೆದರಬೇಡ ಮಗಾ. ಕನಸು ಜೋರಾಗಿ ಬೀಳೋ ನಿದ್ದೆಯ ಹಂತವೊಂದಿದೆ, ರೆಪ್ಪೆಯೊಳಗೆ ಕಣ್ಣು ಅತ್ತಿತ್ತ ಓಡಾಡ್ತಿರುತ್ತೆ. ಕನಸಲ್ಲಿ ಓಡಿದ್ರೆ ನಿಜವಾಗ್ಲೂ ಎದ್ದು ಓಡಬಾರದಲ್ಲ, ಅದಕ್ಕೆ ಮೆದುಳು ಆಗ ಕೈಕಾಲಿನ ಸ್ನಾಯುಗಳನ್ನ ಸಡಿಲ ಬಿಟ್ಟಿರುತ್ತೆ. ಕಣ್ಣು ಮತ್ತೆ ಉಸಿರಾಟಕ್ಕೆ ಬೇಕಾದ ವಪೆ, ಅಂದ್ರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು, ಇಷ್ಟು ಮಾತ್ರ ಕೆಲಸ ಮಾಡ್ತಿರುತ್ತೆ. ಒಮ್ಮೊಮ್ಮೆ ಎಚ್ಚರ ಮೊದಲು ಬಂದು, ಸ್ನಾಯು ಹಿಂದೆ ಉಳಿಯುತ್ತೆ. ಆಗ ನೀನು ಬೇಕಂತಲೇ ದೊಡ್ಡ ಉಸಿರು ಎಳೆಯೋಕೆ ಹೋದ್ರೆ ಎದೆಯ ಸ್ನಾಯು ಮಾತು ಕೇಳಲ್ಲ. ಅದೇ ಭಾರ. ಕನಸು ಇನ್ನೂ ಪೂರ್ತಿ ಆರಿರಲ್ಲ, ಹಾಗಾಗಿ ಯಾರೋ ಇದ್ದಾರೆ ಅನ್ಸುತ್ತೆ.

ಆ ‘ಯಾರೋ’ ಯಾರು ಅನ್ನೋದನ್ನ ಊರು ಹೇಳಿಕೊಡುತ್ತೆ. ಜಪಾನಿನಲ್ಲಿ ಇದಕ್ಕೆ ಕನಶಿಬಾರಿ ಅಂತಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಒಬ್ಬ ಮುದುಕಿ ಬಂದು ಕೂರ್ತಾಳೆ. ನಮ್ಮಲ್ಲಿ ಚೌಡಿ. ನಮ್ಮನೆ ತೋಟದ ಮೇಲೂ ಚೌಡಿ ಬನ ಇದೆ, ವರ್ಷಕ್ಕೊಮ್ಮೆ ಕಾಯಿ ಒಡೀತೀವಿ, ಅಜ್ಜಿ ಹತ್ರ ನಾನು ವಾದಕ್ಕೆ ಇಳಿಯಲ್ಲ. ತಾಯತ ಬೇಕಾದ್ರೆ ಕಟ್ಟಿಸ್ಕೋ. ಆದ್ರೆ ನಿದ್ದೆ ಕೆಟ್ಟು ಓದೋದು ಬಿಡು, ಅಂಗಾತ ಮಲಗಬೇಡ, ಮಗ್ಗುಲಾಗಿ ಮಲಗು. ಬಂದಾಗ ಒದ್ದಾಡದೆ ಬೆರಳ ತುದಿಯೊಂದನ್ನ ಆಡಿಸೋಕೆ ನೋಡು. ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಬಿಡುತ್ತೆ. ಹಗಲು ಹೊತ್ತೂ ತಡೆಯಲಾರದ ನಿದ್ದೆ, ಜೋರಾಗಿ ನಕ್ಕಾಗ ಮಂಡಿ ಕುಸಿಯೋದು ಇದ್ರೆ ಮಾತ್ರ ಡಾಕ್ಟ್ರಿಗೆ ತೋರಿಸಲೇಬೇಕು.

ಪ್ರಶ್ನೆ (ಭದ್ರಾವತಿ): ಮಿಡ್‌ಬ್ರೈನ್ ಆ್ಯಕ್ಟಿವೇಷನ್ ಕ್ಲಾಸಿಗೆ ಮಗನ್ನ ಸೇರಿಸ್ಲಾ? ಕಣ್ಣಿಗೆ ಬಟ್ಟೆ ಕಟ್ಟಿದ್ರೂ ಮಕ್ಕಳು ಓದ್ತಾರೆ.

ಉತ್ತರ: ಬೇಡ. ಮೂಗಿನ ಪಕ್ಕದ ಸಂದಿಯಿಂದ ಕಾಣುತ್ತೆ, ಅಷ್ಟೆ. ಪುಸ್ತಕವನ್ನ ಮಗುವಿನ ತಲೆ ಹಿಂದೆ ಹಿಡಿದು ಓದಿಸಿ ಅಂತ ಹೇಳಿ ನೋಡಿ. ಆ ದುಡ್ಡಲ್ಲಿ ಸೈಕಲ್ ಕೊಡಿಸಿ.

ಪ್ರಶ್ನೆ (ಹೊಸನಗರ, ಹೊಸ ಅತಿಥಿ ಉಪನ್ಯಾಸಕ): ಮೇಡಂ, ಕ್ಲಾಸ್ ಮುಗಿದ ಮೇಲೆ ಕೆಲವರು ಬಂದು ‘ಸರ್, ನನ್ನ ಫ್ರೆಂಡ್‌ಗೆ ಹೀಗಾಗ್ತಿದೆ’ ಅಂತಾರೆ. ಅದು ಅವರದೇ ಕಥೆ ಅಂತ ಗೊತ್ತಾಗುತ್ತೆ. ಏನು ಮಾಡ್ಲಿ?

ಉತ್ತರ: ಸರ್, ಕ್ಲಾಸಲ್ಲಿ ಕೇಳೋದು ಪರೀಕ್ಷೆ ಪ್ರಶ್ನೆ. ಅಸಲಿ ಪ್ರಶ್ನೆ ಬರೋದು ವರಾಂಡದಲ್ಲಿ, ಬಸ್ಸಿಗೆ ಕಾಯುವಾಗ. ನಾನು ಹೊಸತರಲ್ಲಿ ಒಂದು ತಪ್ಪು ಮಾಡಿದೆ. ಒಬ್ಬ ಹುಡುಗಿ ಹೀಗೇ ಕೇಳಿದಾಗ, ಜಾಣತನ ತೋರಿಸೋಕೆ ಹೋಗಿ ‘ಆ ಫ್ರೆಂಡ್ ನೀನೇ ತಾನೆ?’ ಅಂದುಬಿಟ್ಟೆ. ಪಕ್ಕದಲ್ಲಿ ಇನ್ನಿಬ್ಬರು ನಿಂತಿದ್ರು. ಆಮೇಲೆ ಅವಳು ನನ್ನ ಹತ್ರ ಬರಲೇ ಇಲ್ಲ. ಕಾರಿಡಾರಲ್ಲಿ ಎದುರಾದ್ರೆ ತಲೆ ಬಗ್ಗಿಸಿ ಹೋಗೋಳು.

ಆ ‘ಫ್ರೆಂಡ್’ ಅನ್ನೋದು ಅವರು ಹಿಡಿದಿರೋ ಕೊಡೆ. ಕಿತ್ಕೋಬೇಡಿ. ಈಗ ನಾನೂ ಫ್ರೆಂಡ್ ಬಗ್ಗೆಯೇ ಮಾತಾಡ್ತೀನಿ. ‘ಅವಳಿಗೆ ನಿದ್ದೆ ಬರುತ್ತಾ? ಊಟ ಸೇರುತ್ತಾ? ಎಷ್ಟು ದಿನದಿಂದ ಹೀಗೆ?’ ಕೊನೆಗೆ, ‘ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ ಅಂತ ಕೇಳಿದ್ಯಾ?’ ಹಾಗೆ ಕೇಳಿದ್ರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತೆ ಅಂತ ಎಷ್ಟೋ ಮೇಷ್ಟ್ರುಗಳಿಗೆ ಭಯ. ಹಾಗಾಗಲ್ಲ, ನೇರವಾಗಿ ಕೇಳಿದ್ರೆ ಅವರಿಗೆ ಹಗುರ ಆಗುತ್ತೆ. ಹೌದು ಅಂದ್ರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿ ಅವರು ನಂಬೋ ಒಬ್ಬರನ್ನ ಕರೆಸಿ, ಅವತ್ತೇ ಆಸ್ಪತ್ರೆಗೆ ಹೋಗಿ. ‘ಯಾರಿಗೂ ಹೇಳಲ್ಲ’ ಅಂತ ಮೊದಲೇ ಮಾತು ಕೊಟ್ಟು ಸಿಕ್ಕಿಹಾಕ್ಕೋಬೇಡಿ.

ಉಳಿದಂತೆ ನೀವು ಮೇಷ್ಟ್ರು, ಡಾಕ್ಟ್ರಲ್ಲ. ಸಿಂಪ್ಟಮ್ ಪಟ್ಟಿ ಹಿಡ್ಕೊಂಡು ಕಾಯಿಲೆ ಹೆಸರು ಹೇಳೋಕೆ ಹೋಗಬೇಡಿ. ಆ ಅಧ್ಯಾಯ ಪಾಠ ಮಾಡಿದ ವಾರ ಅರ್ಧ ಕ್ಲಾಸಿಗೆ ಎಲ್ಲಾ ಕಾಯಿಲೆನೂ ತಮಗೇ ಇದೆ ಅನ್ಸುತ್ತೆ, ಅದು ಬೇರೆ ಮಾತು. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್ ಅಂತ. ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಅದನ್ನ ಬೋರ್ಡಿನ ಮೂಲೆಯಲ್ಲಿ ಬರೆದು ಅಳಿಸದೆ ಬಿಟ್ಟಿರ್ತೀನಿ. ಎಲ್ಲರ ಕಣ್ಣಿಗೂ ಬೀಳುತ್ತೆ, ಯಾರೂ ಕೈ ಎತ್ತಿ ಕೇಳಬೇಕಾಗಿಲ್ಲ.

ಸಾಗರದ ತಂದೆ ಮತ್ತೆ: ಮೇಡಂ, ನಿನ್ನೆ ರಾತ್ರಿ ಸ್ಕೆಚ್ ಪೆನ್ನಲ್ಲಿ ಬರೆದು ಮನೆಯವರಿಗೆಲ್ಲ ಪರೀಕ್ಷೆ ಇಟ್ವಿ. ನಾನು ಆರನೇ ಪದಕ್ಕೆ ಔಟ್. ಮಗಳು ಒಂಬತ್ತು. ನಮ್ಮಮ್ಮ ಶಾಲೆಗೆ ಹೋದೋರಲ್ಲ, ಎಲೆ ಅಡಿಕೆ ಹಾಕ್ಕೊಂಡೇ ಇಪ್ಪತ್ತೂ ಸರಿಯಾಗಿ ಹೇಳಿದ್ರು. ಈಗ ‘ನಾನೂ ಸೇರ್ತೀನಿ ಆ ಕಾಲೇಜಿಗೆ’ ಅಂತಿದ್ದಾರೆ.

ಉತ್ತರ: ಮೊಮ್ಮಗಳ ಜೊತೆಗೇ ಕಳಿಸಿ. ಪ್ರಾಕ್ಟಿಕಲ್ ಕ್ಲಾಸಿಗೆ ನನಗೆ ಅಂಥ ಒಬ್ಬರು ಬೇಕಿತ್ತು.